ಮನಸ್ಸಿನ ನೋವಿಗೆ ಊರಿನವರೇ ಆಸರೆ: ಬಳ್ಳಾರಿಯಿಂದ ಮೆಹ್ಸಾಣಾವರೆಗೆ ಸಮುದಾಯ ಕಾರ್ಯಕ್ರಮಗಳು ಕಲಿಸಿದ್ದೇನು?

ರಾತ್ರಿ ನಿದ್ದೆ ಬರುವುದಿಲ್ಲ. ತಲೆ ಭಾರ, ಕೈಕಾಲಲ್ಲಿ ಸೋಲು, ಎದೆಯ ಮೇಲೆ ಏನೋ ಕೂತಂತೆ. ಇಂಥ ದೂರು ಹೊತ್ತು ಆಸ್ಪತ್ರೆಗೆ ಹೋದವರಿಗೆ ಬಿಪಿ, ಶುಗರ್ ಪರೀಕ್ಷೆ ಆಗುತ್ತದೆ, ವಿಟಮಿನ್ ಮಾತ್ರೆ ಸಿಗುತ್ತದೆ. 'ಮನಸ್ಸು ಹೇಗಿದೆ?' ಎಂದು ಕೇಳುವವರು ಕಡಿಮೆ. ಹೇಳಿಕೊಳ್ಳುವವರು ಇನ್ನೂ ಕಡಿಮೆ.

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಹಳ್ಳಿಗಳಿಗಿಂತ ಮಹಾನಗರಗಳಲ್ಲಿ ಈ ಪ್ರಮಾಣ ಹೆಚ್ಚು. ಸಮಸ್ಯೆ ಯಾವುದು ಎಂಬುದನ್ನು ಅವಲಂಬಿಸಿ, ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಇದು ಅಚ್ಚರಿಯಲ್ಲ. ಹಾಗಾದರೆ ವೈದ್ಯರ ಸಂಖ್ಯೆ ಹೆಚ್ಚಾಗುವವರೆಗೆ ಕಾಯಬೇಕೆ? ಬೇಡ ಎನ್ನುವ ಉತ್ತರ ಭಾರತದಲ್ಲೇ, ಅದರಲ್ಲೂ ಬಹುಪಾಲು ಕರ್ನಾಟಕದಲ್ಲೇ ಹುಟ್ಟಿತು.

ಡೇರೆಯಿಂದ ಬಳ್ಳಾರಿಗೆ

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿದ್ದ ಡಾ. ವಿದ್ಯಾಸಾಗರ್, ರೋಗಿಗಳ ಮನೆಯವರನ್ನು ಗೇಟಿನ ಹೊರಗೆ ಕಳುಹಿಸಲಿಲ್ಲ. ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ, ಅವರೂ ಜೊತೆಗೆ ಉಳಿಯುವಂತೆ ಮಾಡಿದರು. ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಎಂಬುದು ಮನೆಯವರಿಗೆ ಅಲ್ಲೇ ಅರ್ಥವಾಯಿತು. ರೋಗಿಗಳು ಬೇಗ ಮನೆಗೆ ಮರಳತೊಡಗಿದರು. ನಮ್ಮ ದೇಶದ ಸಮುದಾಯ ಮನೋವೈದ್ಯಕೀಯದ ಕಥೆಯನ್ನು ಬಹುತೇಕ ಎಲ್ಲರೂ ಈ ಡೇರೆಗಳಿಂದಲೇ ಶುರು ಮಾಡುತ್ತಾರೆ.

ಮುಂದಿನ ಹೆಜ್ಜೆ ಆನೇಕಲ್ ತಾಲೂಕಿನ ಸಕಲವಾರದಲ್ಲಿ. 1970ರ ದಶಕದಲ್ಲಿ ನಿಮ್ಹಾನ್ಸ್ ಸಮುದಾಯ ಮಾನಸಿಕ ಆರೋಗ್ಯ ವಿಭಾಗವನ್ನು ಆರಂಭಿಸಿ, ಈ ಗ್ರಾಮೀಣ ಕೇಂದ್ರದಲ್ಲಿ ಒಂದು ಸರಳ ಪ್ರಶ್ನೆಯನ್ನು ಪರೀಕ್ಷೆಗಿಟ್ಟಿತು: ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರು ಮಾನಸಿಕ ಕಾಯಿಲೆಯನ್ನು ಗುರುತಿಸಿ ಚಿಕಿತ್ಸೆ ಕೊಡಬಲ್ಲರೆ? ಚಂಡೀಗಢದ ಪಿಜಿಐ ಸಂಸ್ಥೆ ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಇದೇ ಪ್ರಯೋಗ ಮಾಡುತ್ತಿತ್ತು. ಎರಡೂ ಕಡೆ ಉತ್ತರ 'ಹೌದು' ಎಂದೇ ಬಂತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂತು.

ಒಂದೆರಡು ಹಳ್ಳಿಯಲ್ಲಿ ಆಗಿದ್ದು ಇಡೀ ಜಿಲ್ಲೆಯಲ್ಲಿ ಆಗುತ್ತದೆಯೇ ಎಂದು ನೋಡಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1980ರ ದಶಕದ ಮಧ್ಯದಲ್ಲಿ ಅಲ್ಲಿ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಡಲಾಯಿತು. ಅತ್ಯಗತ್ಯವಾದ ಕೆಲವೇ ಔಷಧಿಗಳು ಪ್ರಾಥಮಿಕ ಕೇಂದ್ರದಲ್ಲೇ ಸಿಗುವಂತಾಯಿತು. ಜಿಲ್ಲಾ ಮಟ್ಟದಲ್ಲಿ ಒಂದು ತಂಡ ಮೇಲ್ವಿಚಾರಣೆಗೆ ನಿಂತಿತು. ಕೇಳಲು ಸಾದಾ ಏರ್ಪಾಡು. ಆದರೆ ಸ್ಕಿಜೋಫ್ರೇನಿಯಾ ಅಥವಾ ಮೂರ್ಛೆರೋಗ ಇರುವವರನ್ನು ಕರೆದುಕೊಂಡು ಬೆಂಗಳೂರಿಗೆ ಬಸ್ಸು ಹತ್ತಬೇಕಿದ್ದ ಕುಟುಂಬಕ್ಕೆ, ಮಾತ್ರೆ ಹತ್ತಿರದ ಆಸ್ಪತ್ರೆಯಲ್ಲೇ ಸಿಕ್ಕಿದ್ದು ಸಣ್ಣ ವಿಷಯವಾಗಿರಲಿಲ್ಲ. 'ಬಳ್ಳಾರಿ ಮಾದರಿ' ಎಂಬ ಹೆಸರು ಪಡೆದ ಇದೇ ವ್ಯವಸ್ಥೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ನಾಲ್ಕು ಜಿಲ್ಲೆಗಳಲ್ಲಿ ಶುರುವಾಯಿತು. ಈಗ ಅದು 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಹಬ್ಬಿದೆ. ಕರ್ನಾಟಕದ 'ಮನೋಚೈತನ್ಯ' ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದೂ ಅದರ ಮುಂದುವರಿಕೆಯೇ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಜಿಲ್ಲಾ ಕಾರ್ಯಕ್ರಮ ಅನೇಕ ಕಡೆ ಮಾತ್ರೆ ವಿತರಣೆಯ ಶಿಬಿರದಂತಾಯಿತು. ತೀವ್ರ ಕಾಯಿಲೆ ಇರುವವರಿಗೆ ಮಾತ್ರೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ, ಗಂಡನ ಕುಡಿತ, ಕೆಲಸ ಹೋದ ಚಿಂತೆ, ಮಕ್ಕಳು ದೂರವಾದ ಒಂಟಿತನದಿಂದ ಖಿನ್ನತೆಗೆ ಜಾರಿದವರಿಗೆ ಬೇಕಾಗಿದ್ದು ಕೂತು ಕೇಳುವ ಒಬ್ಬ ಮನುಷ್ಯ. ಎಲ್ಲಕ್ಕಿಂತ ಹೆಚ್ಚು ಜನ ಇರುವುದು ಈ ಗುಂಪಿನಲ್ಲೇ.

ಗೋವಾದಲ್ಲಿ ಮಾತೇ ಚಿಕಿತ್ಸೆ

ಇದಕ್ಕೆ ಉತ್ತರ ಹುಡುಕಿದ್ದು ಗೋವಾದ 'ಸಂಗಾತ್' ಸಂಸ್ಥೆ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರ 'ಮಾನಸ್' ಅಧ್ಯಯನದಲ್ಲಿ 12 ಸರ್ಕಾರಿ, 12 ಖಾಸಗಿ ಪ್ರಾಥಮಿಕ ಚಿಕಿತ್ಸಾ ಕೇಂದ್ರಗಳ ಸುಮಾರು 2,800 ರೋಗಿಗಳಿದ್ದರು. ವೈದ್ಯಕೀಯ ಹಿನ್ನೆಲೆ ಇಲ್ಲದ ಸ್ಥಳೀಯ ಮಹಿಳೆಯರಿಗೆ ಎರಡು ತಿಂಗಳ ತರಬೇತಿ ಕೊಟ್ಟು, ಆಪ್ತಸಮಾಲೋಚಕರನ್ನಾಗಿ ಅರ್ಧದಷ್ಟು ಕೇಂದ್ರಗಳಲ್ಲಿ ನೇಮಿಸಲಾಯಿತು. 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸರ್ಕಾರಿ ಕೇಂದ್ರಗಳಲ್ಲಿ ಇವರ ನೆರವು ಪಡೆದ ಖಿನ್ನತೆ, ಆತಂಕದ ರೋಗಿಗಳಲ್ಲಿ ಶೇ. 65.9ರಷ್ಟು ಮಂದಿ ಆರು ತಿಂಗಳಲ್ಲಿ ಚೇತರಿಸಿಕೊಂಡಿದ್ದರು. ನೆರವಿಲ್ಲದ ಸರ್ಕಾರಿ ಕೇಂದ್ರಗಳಲ್ಲಿ ಈ ಪ್ರಮಾಣ ಶೇ. 42.5 ಮಾತ್ರ.

ಖಾಸಗಿ ಕ್ಲಿನಿಕ್‌ಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ರೋಗಿಗೆ ವರ್ಷಗಳಿಂದ ಪರಿಚಯವಿರುವ ಒಬ್ಬ ಫ್ಯಾಮಿಲಿ ಡಾಕ್ಟರ್ ಇರುತ್ತಾರೆ, ಅವರೇ ಮಾತನಾಡಿಸುತ್ತಾರೆ ಎಂಬುದು ಒಂದು ವಿವರಣೆ. ಇದು ಕಾರ್ಯಕ್ರಮದ ಸೋಲಲ್ಲ, ಮಾತಿನ ಬೆಲೆಗೆ ಸಿಕ್ಕ ಇನ್ನೊಂದು ಸಾಕ್ಷಿ ಎಂದೇ ಅನಿಸುತ್ತದೆ.

ಇದೇ ತಂಡ ಮುಂದೆ ತೀವ್ರ ಖಿನ್ನತೆಗಾಗಿ ಆರರಿಂದ ಎಂಟು ಭೇಟಿಗಳ ಮಾತುಕತೆಯೊಂದನ್ನು ರೂಪಿಸಿತು. ಅದರ ತಿರುಳು ಇಷ್ಟೇ: ಖಿನ್ನತೆ ಬಂದಾಗ ಮನುಷ್ಯ ಇಷ್ಟದ ಕೆಲಸಗಳನ್ನು ಒಂದೊಂದಾಗಿ ಬಿಡುತ್ತಾನೆ, ಬಿಟ್ಟಷ್ಟೂ ಮನಸ್ಸು ಕುಗ್ಗುತ್ತದೆ. ಈ ಸುತ್ತನ್ನು ಒಡೆಯಲು ಮನಸ್ಸು ಬರಲಿ ಎಂದು ಕಾಯದೆ ಸಣ್ಣ ಕೆಲಸದಿಂದ ಶುರು ಮಾಡಬೇಕು. ಸಂಜೆ ಹತ್ತು ನಿಮಿಷ ನಡಿಗೆ, ಅಕ್ಕನಿಗೊಂದು ಫೋನ್, ನಿಂತುಹೋದ ಹೂಗಿಡದ ಆರೈಕೆ. 2017ರಲ್ಲಿ ಪ್ರಕಟವಾದ ಇದರ ಅಧ್ಯಯನದಲ್ಲಿ ಮೂರು ತಿಂಗಳ ಹೊತ್ತಿಗೆ ಮಾತುಕತೆ ಪಡೆದ ಶೇ. 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಉಳಿದವರಲ್ಲಿ ಶೇ. 39.

ಮನೆ ಬಾಗಿಲಿಗೆ ಬಂದ ಗೆಳತಿ

ಗೋವಾದ ಮಾದರಿಯಲ್ಲೂ ರೋಗಿ ಆಸ್ಪತ್ರೆಯವರೆಗೆ ಬರಬೇಕಿತ್ತು. ರೈತರ ಆತ್ಮಹತ್ಯೆಗಳಿಂದ ನಲುಗಿದ ವಿದರ್ಭದಲ್ಲಿ, ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ ನಡೆದ 'ವಿಶ್ರಾಮ್' ಕಾರ್ಯಕ್ರಮ ಹಳ್ಳಿಯೊಳಕ್ಕೇ ಹೋಯಿತು. ಖಿನ್ನತೆ ಇದ್ದವರಲ್ಲಿ ನೆರವು ಪಡೆಯುತ್ತಿದ್ದವರ ಪ್ರಮಾಣ ಶೇ. 4.3ರಿಂದ 27.2ಕ್ಕೆ ಏರಿತು. ನಾಲ್ಕರಲ್ಲಿ ಮೂವರು ಆಗಲೂ ಹೊರಗೇ ಉಳಿದಿದ್ದರು ಎಂಬುದನ್ನೂ ಇದೇ ಅಂಕಿ ಹೇಳುತ್ತದೆ.

ಪುಣೆಯ ಐಎಲ್‌ಎಸ್ ಕಾನೂನು ಕಾಲೇಜಿಗೆ ಸೇರಿದ ಮಾನಸಿಕ ಆರೋಗ್ಯ ಕಾನೂನು ಮತ್ತು ನೀತಿ ಕೇಂದ್ರದ 'ಆತ್ಮೀಯತಾ' ಯೋಜನೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಹೆಸರಿನ ಅರ್ಥ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ನಾಸಿಕ್ ಜಿಲ್ಲೆಯಲ್ಲಿ ಆರಂಭವಾಗಿ, ಗುಜರಾತಿನ ಮೆಹ್ಸಾಣಾ ಜಿಲ್ಲೆಯ 645 ಹಳ್ಳಿಗಳಲ್ಲಿ ಅಧ್ಯಯನಕ್ಕೆ ಒಳಗಾದ ಈ ಯೋಜನೆಯಲ್ಲಿ ಎರಡು ಬಗೆಯ ಸ್ವಯಂಸೇವಕರಿದ್ದಾರೆ. 'ಮಿತ್ರ'ರು ಸಂಕಟದಲ್ಲಿರುವವರನ್ನು ಗುರುತಿಸುತ್ತಾರೆ. 'ಚಾಂಪಿಯನ್'ಗಳು ಅವರ ಮನೆಗೆ ಹೋಗಿ ನಾಲ್ಕರಿಂದ ಆರು ಬಾರಿ ಕೂತು ಮಾತನಾಡುತ್ತಾರೆ, ಮೊಬೈಲ್‌ನಲ್ಲಿ ಕಿರುಚಿತ್ರ ತೋರಿಸುತ್ತಾರೆ, ಬೇಕಿದ್ದರೆ ಆಸ್ಪತ್ರೆಗೆ ಕಳುಹಿಸುತ್ತಾರೆ.

ಇವರ ಇನ್ನೊಂದು ಕೆಲಸ ಮನೋವಿಜ್ಞಾನದ ಪುಸ್ತಕದಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ವಿಧವಾ ವೇತನ, ಅಂಗವಿಕಲರ ಮಾಸಾಶನ, ಉದ್ಯೋಗ ಖಾತರಿಯಂಥ ಸೌಲಭ್ಯಗಳ ಅರ್ಜಿ ತುಂಬಲು ನೆರವಾಗುವುದು. ಮನೆಯಲ್ಲಿ ಅಕ್ಕಿ ಮುಗಿದಿರುವವರಿಗೆ ಧೈರ್ಯದ ಮಾತೊಂದೇ ಸಾಲದು ಎಂಬ ತಿಳಿವಳಿಕೆ ಇದರ ಹಿಂದಿದೆ.

ಹಾಗೆಂದು ಎಲ್ಲವನ್ನೂ ಸ್ವಯಂಸೇವಕರ ಹೆಗಲಿಗೆ ಹಾಕಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಈಗಾಗಲೇ ಹತ್ತಾರು ಕೆಲಸ ಹೊತ್ತಿರುವ ಆಶಾ ಕಾರ್ಯಕರ್ತೆಗೆ ಗೌರವಧನ ಹೆಚ್ಚಿಸದೆ ಹನ್ನೊಂದನೆಯದನ್ನೂ ಕೊಟ್ಟರೆ ಅದು ಕಾಗದದ ಮೇಲಷ್ಟೇ ನಡೆಯುತ್ತದೆ. ಗೆದ್ದ ಕಾರ್ಯಕ್ರಮಗಳಲ್ಲೆಲ್ಲ ತರಬೇತಿ, ಬೆನ್ನಿಗೆ ನಿಲ್ಲುವ ಮೇಲ್ವಿಚಾರಕರು, ಕೈಮೀರಿದಾಗ ಕಳುಹಿಸಲು ಒಬ್ಬ ವೈದ್ಯರು ಇದ್ದೇ ಇದ್ದರು.

ತೀವ್ರ ಕಾಯಿಲೆಯವರ ವಿಷಯದಲ್ಲಿ ಚೆನ್ನೈನ 'ಸ್ಕಾರ್ಫ್' ಸಂಸ್ಥೆಯ ಹೆಸರು ಹೇಳಲೇಬೇಕು. ಮಂಗಳೂರಿನಲ್ಲಿ ಹುಟ್ಟಿ, ದೇಶದ ಮೊದಲ ಮಹಿಳಾ ಮನೋವೈದ್ಯೆ ಎನಿಸಿಕೊಂಡ ಡಾ. ಶಾರದಾ ಮೆನನ್ 1984ರಲ್ಲಿ ಇದನ್ನು ಕಟ್ಟಿದರು. ಸ್ಕಿಜೋಫ್ರೇನಿಯಾ ಇರುವವರ ಪುನರ್ವಸತಿಗೆ ಹೆಸರಾದ ಈ ಸಂಸ್ಥೆ, ಪುದುಕೋಟೆ ಜಿಲ್ಲೆಯ ಹಳ್ಳಿಗಳಿಗೆ ಬಸ್ಸಿನಲ್ಲೇ ಟೆಲಿ-ಮನೋವೈದ್ಯಕೀಯ ಸೇವೆ ಒಯ್ದಿದೆ.

ಹೊರನಾಡಿನಲ್ಲಿ ಇರುವವರಿಗೆ

ಮುಂಬೈ, ಪುಣೆ, ದೆಹಲಿಯಲ್ಲಿರುವ ಕನ್ನಡಿಗರಿಗೆ ಒಂದು ತೊಡಕು ಹೆಚ್ಚು. ಆಫೀಸು, ಮಾರುಕಟ್ಟೆಗೆ ಹಿಂದಿ ಅಥವಾ ಮರಾಠಿ ಸಾಕು. 'ಜೀವ ಹಿಂಡಿದಂಗೆ ಆಗ್ತದೆ' ಎಂಬುದನ್ನು ಹೇಳಲು ಸಾಲುವುದಿಲ್ಲ. ಮಗನ ಮನೆಗೆಂದು ಊರು ಬಿಟ್ಟು ಬಂದ ಹಿರಿಯರಿಗಂತೂ ಹಗಲೆಲ್ಲ ಮಾತೇ ಇರುವುದಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ದೆಹಲಿ ಕರ್ನಾಟಕ ಸಂಘದವರೆಗೆ ನಮ್ಮ ಸಂಘಗಳಿಗೆ ಸಭಾಂಗಣವೂ ಇದೆ, ಸೇರುವ ಜನರೂ ಇದ್ದಾರೆ. ರಾಜ್ಯೋತ್ಸವ, ನಾಟಕಗಳ ನಡುವೆ ತಿಂಗಳಿಗೊಂದು ಸಂಜೆಯನ್ನು ಇದಕ್ಕೆ ಮೀಸಲಿಡುವುದು ದೊಡ್ಡ ಖರ್ಚಿನ ಮಾತಲ್ಲ.

ಕೇಳುವವರು ನೆನಪಿಡಬೇಕಾದದ್ದು ಕೆಲವೇ ಸಂಗತಿ. ಬುದ್ಧಿ ಹೇಳಲು ಹೋಗಬೇಡಿ. 'ನಿನಗೇನು ಕಮ್ಮಿ?' ಎನ್ನಬೇಡಿ. ಕೇಳಿದ್ದನ್ನು ಮೂರನೆಯವರಿಗೆ ಹೇಳಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಉತ್ತರ ಹೌದು ಎಂದಾದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದೊಯ್ಯಿರಿ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಬೇಸರ, ಆಸಕ್ತಿ ಇಲ್ಲದಿರುವುದು, ನಿದ್ದೆ ಅಥವಾ ಊಟ ಕೆಡುವುದು ಇದ್ದರೂ ವೈದ್ಯರನ್ನು ಕಾಣಬೇಕು.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಂಖ್ಯೆ 14416, ಅಥವಾ 1800-891-4416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಸೇವೆ ಇದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ, ಸರ್ಕಾರ ನಡೆಸುವ ಅಥವಾ ಅದರ ಹಣದಿಂದ ನಡೆಯುವ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ. ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ರಕ್ಷಣೆ ಕೊಡಬೇಕು. ನಿಮ್ಮ ಪಾಲಿಸಿಯ ಕಾಗದ ತೆಗೆದು ಈ ಅಂಶ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.