ಹಾಜರಿ ಪುಸ್ತಕದ ಫುಟ್‌ಬಾಲ್

ನಮ್ಮ ಕಚೇರಿ ಇರುವ ಪರೇಲಿನಲ್ಲಿ ಸೇಂಟ್ ಝೇವಿಯರ್ಸ್ ಮೈದಾನವಿದೆ. ಸಂಜೆ ಲೋಕಲ್ ಹಿಡಿಯುವ ಅವಸರದಲ್ಲಿ ಅಲ್ಲಿನ ಫುಟ್‌ಬಾಲ್ ಪಂದ್ಯಗಳನ್ನು ನಿಂತು ನೋಡುವ ವ್ಯವಧಾನ ನಮಗೆ ಇದ್ದದ್ದು ಕಡಿಮೆ. ಒಂದು ದಿನ ನಿಂತೆವು. ಗೋಲು ಕಾಯುತ್ತಿದ್ದವರು ನಮ್ಮದೇ ವಿಭಾಗದ ಸಹೋದ್ಯೋಗಿ. ಹಿಂದಿನ ದಿನ ನಮ್ಮ ಕಡತಕ್ಕೆ ಟಿಪ್ಪಣಿ ಬರೆದಿದ್ದ ಕೈಗಳು ಇಂದು ಚೆಂಡು ತಡೆಯುತ್ತಿದ್ದವು. ಅವರು ಕ್ರೀಡಾ ಕೋಟಾದಲ್ಲಿ ನೇಮಕಗೊಂಡವರು. ಅವರು ವಿಶೇಷ ಸಾಂದರ್ಭಿಕ ರಜೆ ಹಾಕಿದಾಗಲೆಲ್ಲ ಅವರ ಕೆಲಸ ನಮ್ಮ ಮೇಜಿಗೆ ಬಂತೆಂದು ಗೊಣಗಿದವರು ನಾವೇ. ಆ ರಜೆಯ ಹಿಂದೆ ಒಂದು ಶತಮಾನದ ಇತಿಹಾಸವಿದೆಯೆಂಬುದು ನಮಗೆ ಹೊಳೆದದ್ದು ತಡವಾಗಿ.

ಫುಟ್‌ಬಾಲ್ ಲೀಗ್ ಎಂದೊಡನೆ ಇಂದಿನ ಮಕ್ಕಳಿಗೆ ನೆನಪಾಗುವುದು ಯುರೋಪಿನ ಶ್ರೀಮಂತ ಕ್ಲಬ್ಬುಗಳು. ಆಟವನ್ನೇ ವೃತ್ತಿಯಾಗಿಸಿಕೊಳ್ಳುವ ಭಾಗ್ಯ ಎಲ್ಲೆಡೆಯ ಆಟಗಾರರಿಗಿಲ್ಲ. ಸುತ್ತಲೂ ದಕ್ಷಿಣ ಆಫ್ರಿಕವೇ ಆವರಿಸಿರುವ ಲೆಸೊಥೊ ಎಂಬ ಪುಟ್ಟ ದೇಶವನ್ನು ನೋಡಿ: ಅಲ್ಲಿನ ಅತ್ಯುನ್ನತ ಲೀಗಿನಲ್ಲಿ ಸೈನ್ಯದ್ದೊಂದು, ಪೊಲೀಸರದ್ದೊಂದು, ಕಾರಾಗೃಹ ಇಲಾಖೆಯದ್ದೊಂದು ತಂಡ ಆಡುತ್ತ ಬಂದಿವೆ. ಇಲಾಖೆಯ ನೌಕರಿ ಅನ್ನ ಕೊಡುತ್ತದೆ. ಆಟ ಆ ನೌಕರಿಯ ನೆರಳಿನಲ್ಲಿ ಬದುಕುತ್ತದೆ. ಮುಂಬಯಿಯ ಲೀಗ್ ಬೆಳೆದದ್ದೂ ಹೀಗೆಯೇ.

ಇಲ್ಲಿನ ಹಾರ್ವುಡ್ ಲೀಗ್ ಆರಂಭವಾದದ್ದು 1902ರಲ್ಲಿ. ಕರಾವಳಿಯಿಂದ ಬಂದ ನಮ್ಮವರು ಇದೇ ನಗರದಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದ್ದೂ ಅದೇ ವರ್ಷ. ಎರಡಕ್ಕೂ ನೇರ ನಂಟಿಲ್ಲ. ಆದರೆ ಹಗಲು ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿರಿಯರಿಗೂ, ಹಗಲು ದುಡಿದು ಸಂಜೆ ಮೈದಾನಕ್ಕಿಳಿದ ಆಟಗಾರರಿಗೂ ದಿನಚರಿ ಒಂದೇ ಆಗಿತ್ತು. ಮೊದಮೊದಲು ಬ್ರಿಟಿಷ್ ರೆಜಿಮೆಂಟುಗಳ ಕಾಲ. 1891ರಲ್ಲಿ ಶುರುವಾದ ಇಲ್ಲಿನ ರೋವರ್ಸ್ ಕಪ್ ಪಂದ್ಯಾವಳಿಯನ್ನು ದಶಕಗಟ್ಟಲೆ ಸೈನಿಕರ ತಂಡಗಳೇ ಗೆಲ್ಲುತ್ತಿದ್ದವು. ಆ ಸಾಲನ್ನು ಮುರಿದ ಮೊದಲ ಭಾರತೀಯ ತಂಡ ಕಲ್ಕತ್ತೆಯದ್ದಲ್ಲ, ಮುಂಬಯಿಯದ್ದೂ ಅಲ್ಲ; ಅದು 1937ರಲ್ಲಿ ಇಲ್ಲಿಗೆ ಬಂದು ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಹೊರನಾಡ ಕನ್ನಡಿಗರ ಚರಿತ್ರೆ ಬರೆಯುವಾಗ ನಾಟಕ, ಯಕ್ಷಗಾನ, ಪತ್ರಿಕೆಗಳನ್ನು ನೆನೆಯುವ ನಾವು ಈ ಗೆಲುವನ್ನು ಏಕೋ ಬಿಟ್ಟೇಬಿಡುತ್ತೇವೆ.

ಸ್ವಾತಂತ್ರ್ಯಾನಂತರ ರೆಜಿಮೆಂಟುಗಳ ಸ್ಥಾನಕ್ಕೆ ಬಂದದ್ದು ಕಂಪನಿಗಳು, ಮಿಲ್ಲುಗಳು, ರೈಲ್ವೆ, ಬ್ಯಾಂಕು, ಸರ್ಕಾರಿ ಇಲಾಖೆಗಳು. ಕಾಲ್ಟೆಕ್ಸ್ 1958ರಲ್ಲೂ, ಮಫತ್‌ಲಾಲ್ 1965ರಲ್ಲೂ ರೋವರ್ಸ್ ಕಪ್ ಗೆದ್ದವು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಟಾಟಾ ತಂಡದಲ್ಲಿ ಆಡಿದವರು. ಬೆಂಗಳೂರಿನಲ್ಲೂ ಐಟಿಐ, ಎಚ್‌ಎಎಲ್‌ಗಳು ಹೀಗೆಯೇ ಆಟಗಾರರಿಗೆ ಆಸರೆಯಾದವು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯ 1946, 1952, 1967, 1968ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮುಂದಿನ ಗೆಲುವಿಗೆ ನಾವು 54 ವರ್ಷ ಕಾಯಬೇಕಾಯಿತು. ಅದು ಬಂದದ್ದು 2023ರ ಮಾರ್ಚಿನಲ್ಲಿ, ದೂರದ ರಿಯಾದ್‌ನಲ್ಲಿ.

ಇವರನ್ನು ಹವ್ಯಾಸಿಗಳೆಂದು ಕರೆದರು. ಹವ್ಯಾಸವೆಂದರೆ ಬಿಡುವಿನ ವಿನೋದವೆಂದು ತಿಳಿದರೆ ತಪ್ಪಾದೀತು. ಆಟಕ್ಕೆ ಸಂಬಳವಿರಲಿಲ್ಲ, ಆದರೆ ಆಟದಿಂದಾಗಿ ಸಂಬಳವಿತ್ತು. ಕಾಲು ಮುರಿದರೂ ನೌಕರಿ ಉಳಿಯುತ್ತಿತ್ತು. ಮೂವತ್ತೈದಕ್ಕೆ ಆಟ ನಿಂತರೂ ಪಿಂಚಣಿಯವರೆಗೆ ಕುರ್ಚಿ ಇರುತ್ತಿತ್ತು. ಬಡ ಮನೆಯ ಹುಡುಗನನ್ನು ತಾಯಿ ಮೈದಾನಕ್ಕೆ ಧೈರ್ಯದಿಂದ ಕಳುಹಿಸಿದ್ದು ಈ ಭರವಸೆಯಿಂದಲೇ.

ಆ ಭರವಸೆ ಹಂತಹಂತವಾಗಿ ಕರಗಿತು. 1982ರ ಜನವರಿ 18ರಂದು ಆರಂಭವಾದ ಮಿಲ್ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರನಡೆದರು. ಪರೇಲ್, ಲಾಲ್‌ಬಾಗ್‌ಗಳ ಗಿರಣಗಾಂವ್ ಮತ್ತೆ ಮೊದಲಿನಂತಾಗಲಿಲ್ಲ. ಚಿಮಣಿಗಳಿದ್ದಲ್ಲಿ ಗಾಜಿನ ಗೋಪುರಗಳೆದ್ದವು. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು, 2014ರಲ್ಲಿ ಇಂಡಿಯನ್ ಸೂಪರ್ ಲೀಗ್. ರೋವರ್ಸ್ ಕಪ್ ಹೊಸ ಶತಮಾನದ ಹೊಸ್ತಿಲಲ್ಲೇ ನಿಂತುಹೋಯಿತು. 2005–06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರಾ ಯುನೈಟೆಡ್ ಕೂಡ 2010ರಲ್ಲಿ ಬಾಗಿಲು ಮುಚ್ಚಿತು. ವೃತ್ತಿಪರತೆ ಬರಬೇಕಾದದ್ದೇ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಮೇಲಿನ ಕೆಲವರಿಗೆ ದೊಡ್ಡ ಒಪ್ಪಂದ ಸಿಕ್ಕಿತು, ಕೆಳಗಿನ ನೂರಾರು ಮಂದಿಗಿದ್ದ ಸಣ್ಣ ನೌಕರಿ ಹೋಯಿತು. ಈ ಲೆಕ್ಕವನ್ನು ಯಾರೂ ಜೋರಾಗಿ ಓದಿ ಹೇಳಲಿಲ್ಲ.

ನಮ್ಮ ಸಹೋದ್ಯೋಗಿ ಬರುವ ವರ್ಷ ನಿವೃತ್ತರಾಗುತ್ತಾರೆ. ಅವರ ನಂತರ ನಮ್ಮ ವಿಭಾಗದಲ್ಲಿ ಆಟಗಾರರೊಬ್ಬರೂ ನೇಮಕವಾಗಿಲ್ಲ. ಮೊನ್ನೆ ಹಳೆಯ ಹಾಜರಿ ಪುಸ್ತಕಗಳನ್ನು ವಿಲೇವಾರಿಗೆಂದು ಕಟ್ಟುತ್ತಿದ್ದಾಗ ಅವರ ಹೆಸರಿನೆದುರು ವರ್ಷವರ್ಷವೂ ಕೆಂಪು ಶಾಯಿಯಲ್ಲಿ ಬರೆದ ರಜೆಯ ಗುರುತುಗಳನ್ನು ಕಂಡೆವು. ಯಾವ ಪತ್ರಿಕೆಯೂ ವರದಿ ಮಾಡದ ಅವರ ಪಂದ್ಯಗಳಿಗೆ ಉಳಿದ ದಾಖಲೆ ಅದೊಂದೇ. ಆ ಪುಟಗಳನ್ನು ಒಂದೊಂದಾಗಿ ನಕಲು ಮಾಡಿಸಿ ಅವರ ಕೈಗಿತ್ತೆವು. ಅವರು ದಿನಾಂಕಗಳ ಮೇಲೆ ಬೆರಳಿಟ್ಟು, ಯಾವ ದಿನ ಯಾರ ವಿರುದ್ಧ ಆಡಿದ್ದೆಂದು ಹೇಳತೊಡಗಿದರು. ಆ ಸಂಜೆ ನಾವು ಯಾರೂ ಲೋಕಲ್ ಹಿಡಿಯುವ ಅವಸರ ಮಾಡಲಿಲ್ಲ.