ಚಿತ್ರ ತೆಗೆದವರು ಯಾರು?

ಬೀದರ, ಭಾಲ್ಕಿ, ಔರಾದ ಕಡೆಯ ಮಕ್ಕಳಿಗೆ ಡೋರೇಮಾನ್ ಯಾರು ಅಂತ ಹೇಳಿಕೊಡಬೇಕಾಗಿಲ್ಲ. ಆ ನೀಲಿ ಬೆಕ್ಕು ಟೀವಿಯಲ್ಲಿ ಹಿಂದಿ ಮಾತಾಡ್ತಾ ಮನೆಮನೆಗೆ ಬಂದು ವರ್ಷಗಳೇ ಆದವು. ಉರ್ದು, ಮರಾಠಿ ಎರಡೂ ಕಿವಿಗೆ ಬೀಳುವ ನಮ್ಮ ಕಡೆ ಹಿಂದಿ ಯಾರಿಗೂ ತೊಡಕಲ್ಲ ಬಿಡಿ. ಆದರೆ ಆ ಬೆಕ್ಕಿನ ಚಿತ್ರ ತೆಗೆದವರು ಯಾರು ಅಂತ ಕೇಳಿ ನೋಡಿ, ದೊಡ್ಡವರೂ ಸುಮ್ಮನಾಗ್ತಾರೆ.

ಅವರು ಹಿರೋಶಿ ಫುಜಿಮೋಟೊ. 'ಫುಜಿಕೊ ಎಫ್. ಫುಜಿಯೊ' ಅನ್ನೋದು ಅವರ ಕಾವ್ಯನಾಮ. 1996ರಲ್ಲಿ ತೀರಿಕೊಂಡರು. ಮರುವರ್ಷ ಅಸಾಹಿ ಶಿಂಬುನ್ ಪತ್ರಿಕೆ ಒಸಾಮು ತೆಜುಕಾ ಹೆಸರಿನಲ್ಲಿ ಒಂದು ಪ್ರಶಸ್ತಿ ಶುರು ಮಾಡಿತು. ಅದರ ಮೊದಲ ದೊಡ್ಡ ಬಹುಮಾನ ಬಂದದ್ದು ಡೋರೇಮಾನ್‌ಗೆ!

ಈ ತೆಜುಕಾ (1928-1989) ಡಾಕ್ಟರಿಕೆ ಓದಿ ಚಿತ್ರಕಥೆಗೆ ಬಂದವರು. ನಮ್ಮ ಗೌತಮ ಬುದ್ಧನ ಕಥೆಯನ್ನೂ ವರ್ಷಗಟ್ಟಲೆ ಬರೆದವರು. ಜಪಾನಿನಲ್ಲಿ ಮಾಂಗಾ ಅಚ್ಚು ಹಾಕುವ ಪ್ರಕಾಶಕರೇ ಪ್ರಶಸ್ತಿ ಕೊಡ್ತಾರೆ ಅನ್ನೋದು ಗಮನಿಸಬೇಕಾದ ಮಾತು. ಶೋಗಾಕುಕಾನ್ ಪ್ರಶಸ್ತಿ 1955ರಿಂದ ಇದೆ, ಕೋದಾನ್‌ಶಾ ಪ್ರಶಸ್ತಿ 1977ರಿಂದ. ಕೋದಾನ್‌ಶಾದ ಮೊದಲ ವರ್ಷವೇ ತೆಜುಕಾ ಅವರ 'ಬ್ಲ್ಯಾಕ್ ಜ್ಯಾಕ್' ಗೆದ್ದಿತ್ತು. ಅಂದರೆ ಪುಸ್ತಕದ ಜೊತೆ ಅದನ್ನು ಬರೆದವರ ಹೆಸರೂ ಓದುಗರ ಬಾಯಲ್ಲಿ ಉಳಿಯುವ ಹಾಗೆ ಅಲ್ಲಿ ಒಂದು ವ್ಯವಸ್ಥೆಯೇ ಇದೆ.

ಈಗ ನಮ್ಮ ಕಡೆ ಬರೋಣ. ಅಮರ ಚಿತ್ರಕಥೆ ಮೊದಲು ಬಂದದ್ದು ಯಾವ ಭಾಷೆಯಲ್ಲಿ ಗೊತ್ತಾ? ಇಂಗ್ಲಿಷಲ್ಲಿ ಅಲ್ಲ, ಹಿಂದಿಯಲ್ಲಿ ಅಲ್ಲ, ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಂ ಅವರಿಗೆ ಹೊಳೆದ ಯೋಚನೆ ಇದು. ಸಿಂಡ್ರೆಲಾ, ಅಲ್ಲಾದೀನ್, ಪಿನೋಕಿಯೊ ಥರದ ಹೊರಗಿನ ಕಥೆಗಳೇ ಕನ್ನಡದಲ್ಲಿ ಮೊದಲ ಹತ್ತು ಪುಸ್ತಕಗಳಾಗಿ ಬಂದವು. ಚೆನ್ನಾಗಿ ಮಾರಾಟವೂ ಆದವು. ಅದನ್ನು ನೋಡಿ ಮುಂಬಯಿಯ ಹೆಡ್ ಆಫೀಸಿಗೆ ಧೈರ್ಯ ಬಂತು, ಅನಂತ ಪೈ ಅವರನ್ನು ಕರೆತಂದರು. ಇಂಗ್ಲಿಷ್ ಅಮರ ಚಿತ್ರಕಥೆಯ ನಂಬರು 'ಕೃಷ್ಣ'ದಿಂದ, ಅಂದರೆ 11ರಿಂದ ಶುರುವಾಗಲು ಕಾರಣ ಇದೇ. ಮೊದಲ ಹತ್ತು ನಮ್ಮವು!

ಪೈ ಅವರೂ ನಮ್ಮವರೇ, ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ದಿಲ್ಲಿಯ ಮಕ್ಕಳು ಗ್ರೀಕ್ ದೇವತೆಗಳ ಬಗ್ಗೆ ಪಟಪಟ ಉತ್ತರ ಹೇಳಿ, ರಾಮನ ತಾಯಿ ಯಾರು ಅಂದಾಗ ತಡವರಿಸಿದ್ದನ್ನು ಟೀವಿ ಕ್ವಿಜ್‌ನಲ್ಲಿ ನೋಡಿ ಅವರು ಪುರಾಣದ ಕಥೆಗಳಿಗೆ ಕೈಹಾಕಿದ್ದು ಎಲ್ಲರಿಗೂ ಗೊತ್ತಿರೋದೇ. ಆದರೆ ಆ ನೀಲಿ ಕೃಷ್ಣನ ಚಿತ್ರ ತೆಗೆದ ಕೈ ರಾಮ್ ವಾಯೀರ್ಕರ್ ಅವರದು. ಟಿಂಕಲ್‌ನ ಸುಪ್ಪಾಂಡಿಗೆ ರೂಪ ಕೊಟ್ಟದ್ದೂ ಅವರೇ. ಸುಪ್ಪಾಂಡಿ ಅಂದರೆ ನಗುವವರಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರಿ, ಹೇಳಿ?

ಗೌರವಗಳ ಲೆಕ್ಕ ನೋಡಿ. ದಿಲ್ಲಿಯಲ್ಲಿ ಮೊದಲ ಕಾಮಿಕ್ ಕಾನ್ ನಡೆದಾಗ ಅನಂತ ಪೈ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟರು. ಅದು 2011ರ ಫೆಬ್ರವರಿ 19. ಫೆಬ್ರವರಿ 24ಕ್ಕೆ ಅವರು ಹೋಗಿಯೇಬಿಟ್ಟರು. ಚಂದಮಾಮದಲ್ಲಿ ಬೇತಾಳನನ್ನು ಹೆಗಲಿಗೇರಿಸಿಕೊಂಡ ವಿಕ್ರಮನನ್ನು ನಮ್ಮ ಕಣ್ಣಿಗೆ ಕಟ್ಟಿದ ಕೆ.ಸಿ. ಶಿವಶಂಕರ್ 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು 2021ರಲ್ಲಿ.

ಫುಜಿಮೋಟೊ ಅವರಿಗೂ ಆ ಬಹುಮಾನ ಸತ್ತ ಮೇಲೇ ಬಂತಲ್ಲ ಅನ್ನಬಹುದು. ನಿಜ. ಆದರೆ ಬದುಕಿದ್ದಾಗಲೇ ಅವರು ಶೋಗಾಕುಕಾನ್ ಪ್ರಶಸ್ತಿ ಪಡೆದಾಗಿತ್ತು. ನಮ್ಮಲ್ಲಿ ಹಾಗೆ ನಡುದಾರಿಯಲ್ಲಿ ಬೆನ್ನು ತಟ್ಟುವವರು ಕಡಿಮೆ. ವ್ಯಂಗ್ಯಚಿತ್ರಕಾರರಿಗಾದರೂ ಬೆಂಗಳೂರಿನಲ್ಲಿ 2001ರಲ್ಲಿ ಶುರುವಾದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ಇದೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ 1984ರಲ್ಲೇ ಮ್ಯಾಗ್ಸೆಸೆ ಸಿಕ್ಕಿತ್ತು. ಮಕ್ಕಳಿಗಾಗಿ ಪುಟಗಟ್ಟಲೆ ಕಥೆಯನ್ನು ಚಿತ್ರದಲ್ಲಿ ಹೇಳಿದವರ ಪಾಡೇ ಬೇರೆ.

ನಮ್ಮೂರಿನ ಬಿದ್ರಿ ಕೆಲಸದ್ದೂ ಇದೇ ಕಥೆ. ಸತು-ತಾಮ್ರದ ಪಾತ್ರೆಗೆ ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಆ ಕಲೆ ಲಂಡನ್ನಿನ ಮ್ಯೂಜಿಯಂ ತನಕ ಹೋಗಿದೆ. ಹೋದದ್ದು ಊರಿನ ಹೆಸರು, ಮಾಡಿದವನ ಹೆಸರಲ್ಲ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಬೀದರಿನವರಿಗೆ ಅಷ್ಟು ಖುಷಿಯಾದದ್ದು ಅದಕ್ಕೇ. ಪಾತ್ರೆಯ ಹಿಂದೆ ಒಬ್ಬ ಮನುಷ್ಯ ಕಾಣಿಸಿದ.

ಪ್ರಶಸ್ತಿ ಅಂದರೆ ಬರೀ ಶಾಲು, ಹಾರ, ಹಣ್ಣಿನ ಬುಟ್ಟಿ ಅಲ್ಲ ರೀ. ಇಂಥವರು ಇದನ್ನು ಮಾಡಿದರು ಅಂತ ಬರೆದಿಡುವ ದಾಖಲೆ ಅದು. ಸರಕಾರ, ಅಕಾಡೆಮಿ ಮಾಡುವಾಗ ಮಾಡಲಿ, ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಒಂದಿದೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಚಂದಮಾಮ, ಕನ್ನಡ ಅಮರ ಚಿತ್ರಕಥೆ ಇದ್ದರೆ ರದ್ದಿಗೆ ಹಾಕುವ ಮುಂಚೆ ಒಮ್ಮೆ ತೆಗೆದು ನೋಡಿ. ಚಿತ್ರ ತೆಗೆದವರ ಹೆಸರೋ, ಮೂಲೆಯಲ್ಲೊಂದು ಪುಟ್ಟ ಸಹಿಯೋ ಕಂಡರೆ ನಿಮ್ಮ ಬ್ಲಾಗಿನಲ್ಲಿ ಬರೆದಿಡಿ. ಆ ಮೊದಲ ಹತ್ತರಲ್ಲಿ ಒಂದೇನಾದರೂ ಸಿಕ್ಕರೆ ನನಗೂ ತಿಳಿಸಿ, ಬೀದರಿನಿಂದಾದರೂ ಬಸ್ಸು ಹತ್ತಿ ನೋಡೋಕೆ ಬರ್ತೀನಿ!