ಕನ್ನಡದಲ್ಲಿ ಚಿತ್ರಕಥೆ ರಚನೆಯ ಕಲಿಕೆ

ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ದೃಶ್ಯಗಳಾಗಿ ಕಥೆಯನ್ನು ಜೋಡಿಸಿದ ಬರಹವೇ ಚಿತ್ರಕಥೆ. ಕನ್ನಡ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಮೂರು ಕೆಲಸಗಳನ್ನು ಬೇರೆಬೇರೆಯಾಗಿ ನಮೂದಿಸುವ ರೂಢಿಯಿದೆ. ಈ ಕಸುಬನ್ನು ಕನ್ನಡಿಗರು ಕಲಿತದ್ದು ತರಗತಿಗಿಂತ ಹೆಚ್ಚಾಗಿ ರಂಗಭೂಮಿ, ಕಾದಂಬರಿ ಮತ್ತು ಕಥಾ ಚರ್ಚೆಗಳಲ್ಲಿ.

ರಂಗಭೂಮಿ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ (1934) ಮಾತು, ಹಾಡು ಬರೆದವರು ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿ. ಹುಣಸೂರು ಕೃಷ್ಣಮೂರ್ತಿ, ಜಿ.ವಿ. ಅಯ್ಯರ್ ಅವರೂ ನಾಟಕ ಕಂಪನಿಗಳಿಂದಲೇ ಬಂದರು. ಯಾವ ಮಾತಿಗೆ ಸಭೆ ಮಿಡಿಯುತ್ತದೆ ಎಂಬುದನ್ನು ಅವರು ರಂಗದ ಮೇಲೆಯೇ ಅರಿತಿದ್ದರು. ಮಾತಿಲ್ಲದೆ ಕಥೆ ನಡೆಸುವ ಪಾಠ ಆಮೇಲಿನದು.

ಕಾದಂಬರಿ

ಆ ಪಾಠ ಕಾದಂಬರಿಗಳಿಂದ ಬಂತು. ಪುಟ್ಟಣ್ಣ ಕಣಗಾಲ್ ಅವರು ತ್ರಿವೇಣಿಯವರ ‘ಬೆಳ್ಳಿ ಮೋಡ’ (1967), ಎಂ.ಕೆ. ಇಂದಿರಾ ಅವರ ‘ಗೆಜ್ಜೆ ಪೂಜೆ’ (1969) ಕೃತಿಗಳನ್ನು ತೆರೆಗೆ ತಂದರು; ಎರಡನೆಯದಕ್ಕೆ ಅತ್ಯುತ್ತಮ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ದೊರೆಯಿತು. ‘ನಾಗರಹಾವು’ (1972) ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿದೆ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದಕ್ಕೆ ಅದು ಇಂದಿಗೂ ಒಳ್ಳೆಯ ಅಭ್ಯಾಸಪಾಠ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೆ (1970) ಚಿತ್ರಕಥೆ ಬರೆದ ಗಿರೀಶ್ ಕಾರ್ನಾಡರು ಕಥಾನಾಯಕ ಪ್ರಾಣೇಶಾಚಾರ್ಯರ ಒಳತೋಟಿಯನ್ನು ನಡೆ, ನೋಟ, ಮೌನಗಳಲ್ಲಿ ತೋರಿಸಬೇಕಾಯಿತು. ಪುಸ್ತಕವನ್ನೂ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರಿಗೆ ಈ ಕೃತಿಗಳೇ ಗುರು.

ಸಂಸ್ಥೆಗಳು

ತರಗತಿಯಲ್ಲಿ ಕಲಿತವರೂ ಇದ್ದಾರೆ: ‘ಘಟಶ್ರಾದ್ಧ’ದ (1977) ನಿರ್ದೇಶಕ ಗಿರೀಶ್ ಕಾಸರವಳ್ಳಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ಬೆಂಗಳೂರಿನ ಸರ್ಕಾರಿ ಚಲನಚಿತ್ರ ಶಿಕ್ಷಣ ಚಿತ್ರಕಥೆಗಿಂತ ಹೆಚ್ಚಾಗಿ ಛಾಯಾಗ್ರಹಣ, ಧ್ವನಿಗ್ರಹಣಗಳಿಗೆ ಹೆಸರಾಯಿತು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಚಲನಚಿತ್ರ ರಸಗ್ರಹಣ ಶಿಬಿರಗಳ ಮೂಲಕ ಹಳ್ಳಿಯವರಿಗೂ ಜಗತ್ತಿನ ಸಿನಿಮಾ ನೋಡುವ ಕಣ್ಣು ಕೊಟ್ಟಿತು.

ಕಥಾ ಚರ್ಚೆ ಮತ್ತು ಧಾರಾವಾಹಿ

ಸಹಾಯಕ ನಿರ್ದೇಶಕನಾಗಿ ಸೇರಿ, ಕಥಾ ಚರ್ಚೆಯಲ್ಲಿ ಕುಳಿತು, ಒನ್‌ಲೈನ್ (ಕಥೆಯ ಚುಟುಕು ರೂಪ), ಸೀನ್ ಆರ್ಡರ್ (ದೃಶ್ಯಗಳ ಕ್ರಮ), ಡೈಲಾಗ್ ವರ್ಷನ್ (ಸಂಭಾಷಣೆ ಸೇರಿದ ಪ್ರತಿ) ಎಂದು ಹಂತಹಂತವಾಗಿ ಕಲಿಯುವುದು ಕನ್ನಡ ಚಿತ್ರೋದ್ಯಮದ ನೆಲೆಯಾದ ಬೆಂಗಳೂರಿನ ಗಾಂಧಿನಗರದ ದಾರಿ. ಟಿ.ವಿ. ಧಾರಾವಾಹಿಯಲ್ಲಿ ಕೆಲಸದ ವೇಗ ಹೆಚ್ಚು: ಪ್ರತಿ ಸಂಚಿಕೆಯೂ ಮರುದಿನದ ಕುತೂಹಲ ಉಳಿಸಿ ಮುಗಿಯಬೇಕು. ‘ಮಾಯಾಮೃಗ’ ಖ್ಯಾತಿಯ ಟಿ.ಎನ್. ಸೀತಾರಾಮ್ ವಕೀಲರೂ ನಾಟಕಕಾರರೂ ಆಗಿದ್ದವರು. ಅವರ ಧಾರಾವಾಹಿಗಳ ಕೋರ್ಟ್ ದೃಶ್ಯಗಳಿಗೆ ಆ ಎರಡು ಅನುಭವಗಳ ಬೆಂಬಲವಿದೆ.

ಪಶ್ಚಿಮ ಬೆಂಗಳೂರು

ಈ ಕಸುಬು ಕಲಿಯಬಯಸುವವರು ತಮ್ಮ ಸುತ್ತಲೇ ನೋಡಬಹುದು ಎಂಬುದಕ್ಕೆ ಪಶ್ಚಿಮ ಬೆಂಗಳೂರಿನ ಕಾಮಾಕ್ಷಿಪಾಳ್ಯ ಒಂದು ಉದಾಹರಣೆ. ಸಣ್ಣ ಕೈಗಾರಿಕೆಗಳ ಈ ಬಡಾವಣೆಯ ಉತ್ತರಕ್ಕೆ ಕಂಠೀರವ ಸ್ಟುಡಿಯೊ ಇದೆ. ಪೂರ್ವಕ್ಕೆ ಮಾಗಡಿ ರಸ್ತೆ ವೀರೇಶ್, ಪ್ರಸನ್ನದಂಥ ಚಿತ್ರಮಂದಿರಗಳನ್ನು ದಾಟಿ ಗಾಂಧಿನಗರದ ಕಡೆಗೆ ಸಾಗುತ್ತದೆ. ಇಲ್ಲಿನ ಕಲಿಕೆಗಾರನಿಗೆ ಉದ್ಯಮ ದೂರವಿಲ್ಲ, ಕಥಾವಸ್ತುವೂ ದೂರವಿಲ್ಲ. ಸುತ್ತಲಿನ ಬದುಕೇ ಕಥೆಯಾಗಬಲ್ಲದು: ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಬದುಕು, ಮಾತುಗಳಿಂದಲೇ ಈರೇಗೌಡ ಮತ್ತು ರಾಮ್ ರೆಡ್ಡಿ ‘ತಿಥಿ’ (2015) ಕಟ್ಟಿದರು. ಅದು ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಲೇತ್ ಅಂಗಡಿ, ಗಾರ್ಮೆಂಟ್ಸ್, ವಠಾರಗಳ ಬದುಕನ್ನೂ ಅಷ್ಟೇ ನಿಷ್ಠೆಯಿಂದ ಗಮನಿಸಿ ಬರೆಯುವವರು ಕನ್ನಡಕ್ಕೆ ಬೇಕು.